ಬುದಯ್ಯದಿಂದ ಊರಿಗೆ ಎಷ್ಟು ದೂರ?

ಬಹ್ರೇನ್‌ನಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 2,930 ಕಿಲೋಮೀಟರ್. ಬೆಂಗಳೂರಿಗೆ 3,170ರ ಆಸುಪಾಸು. ನೇರ ವಿಮಾನ ಸಿಕ್ಕಿದರೆ ಮಂಗಳೂರಿಗೆ ನಾಲ್ಕು, ನಾಲ್ಕೂಕಾಲು ಗಂಟೆ. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಲ್ಲಿ ಹೋದರೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು! 2006ಕ್ಕೆ ಮೊದಲು ಬಜ್ಪೆಗೆ ಗಲ್ಫ್ ವಿಮಾನವೇ ಇರಲಿಲ್ಲ. ಮುಂಬೈಯಲ್ಲಿ ಇಳಿದು, ಪೆಟ್ಟಿಗೆ ಹೊತ್ತು, ರಾತ್ರಿ ಬಸ್ಸು ಹಿಡಿಯಬೇಕಿತ್ತು.

ಆದರೆ ಬುದಯ್ಯದವರಾದ ನಮ್ಮ ಪ್ರಯಾಣ ವಿಮಾನದಲ್ಲಿ ಶುರುವಾಗುವುದಿಲ್ಲ. ನಾವಿರುವುದು ದ್ವೀಪದ ವಾಯವ್ಯ ಮೂಲೆಯಲ್ಲಿ, ಏರ್‌ಪೋರ್ಟ್ ಇರುವುದು ಮನಾಮ ದಾಟಿ, ಸೇತುವೆ ದಾಟಿ, ಮುಹರ್ರಕ್‌ನಲ್ಲಿ. ಬುದಯ್ಯ ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಇದೇ ದಾರಿಯ ಹತ್ತಿರ ಬಾರ್ಬಾರ್‌ನಲ್ಲಿ ನಾಲ್ಕು ಸಾವಿರ ವರ್ಷ ಹಳೆಯ ದೇವಾಲಯದ ಅವಶೇಷ ಇದೆ. ಆ ಕಾಲದ ದಿಲ್ಮುನ್ ವ್ಯಾಪಾರಿಗಳು ಸಿಂಧೂ ಕಣಿವೆಯ ಜೊತೆ ಸಮುದ್ರದ ಮೇಲೆ ವ್ಯವಹಾರ ಮಾಡುತ್ತಿದ್ದರಂತೆ. ಮೂರು ಗಂಟೆ ಮೊದಲೇ ಚೆಕ್-ಇನ್ ಮಾಡುವ ಕಷ್ಟ ಅವರಿಗಿರಲಿಲ್ಲ ಬಿಡಿ.

ನಾನು ಲೆಕ್ಕದವನು, ಹಾಗಾಗಿ ಟಿಕೆಟ್ಟನ್ನೂ ದಿನಗೂಲಿಯಲ್ಲೇ ಅಳೆಯುತ್ತೇನೆ. ತಿಂಗಳಿಗೆ 150 ದಿನಾರ್ ಅಂದರೆ ದಿನಕ್ಕೆ 5. ಸುತ್ತಿ ಹೋಗುವ ಕನೆಕ್ಷನ್ ಟಿಕೆಟ್ಟಿನಲ್ಲಿ 30 ದಿನಾರ್ ಉಳಿದರೆ ಅದು ಆರು ದಿನದ ದುಡಿಮೆ. ಮಸ್ಕತ್ತಲ್ಲೋ ಕೊಚ್ಚಿಯಲ್ಲೋ ಎಂಟು ಗಂಟೆ ಕೂತು ಹೋಗುವ ಹುಡುಗನನ್ನು ಜಿಪುಣ ಅಂತ ನಗಬೇಡಿ, ಅವನ ಲೆಕ್ಕ ಸರಿಯಾಗಿದೆ.

ಒಂದು ಪ್ರಯಾಣಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಅಪ್ಪ ಹೋದರು ಅಂತ. ಊರಲ್ಲಿ ಆಗ ಒಂದೂವರೆ. ನೇರ ವಿಮಾನ ದಿನಾ ಇರುವುದಿಲ್ಲ. ಅದೃಷ್ಟಕ್ಕೆ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಇದೆ ಅಂತಲೇ ಇಟ್ಟುಕೊಳ್ಳಿ. ಬಜ್ಪೆಯಲ್ಲಿ ಇಳಿಯುವಾಗ ನಿಮ್ಮ ಮೈಗೆ ನಾಲ್ಕೂಕಾಲು, ಅಲ್ಲಿನ ಗಡಿಯಾರಕ್ಕೆ ಆರೂಮುಕ್ಕಾಲು. ಇಮಿಗ್ರೇಷನ್ ಮುಗಿಸಿ ಕುಂದಾಪುರ ಮುಟ್ಟುವಾಗ ಒಂಬತ್ತೂವರೆ, ಹತ್ತು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಸಂಸ್ಕಾರಕ್ಕೆ ಹಲವರು ಒಪ್ಪುವುದಿಲ್ಲ. ಅಂದರೆ ಇನ್ನೊಂದು ರಾತ್ರಿ ಕಾಯಬೇಕು, ಇಲ್ಲವೇ ನೀವಿಲ್ಲದೆ ಮುಗಿಸಬೇಕು.

ಆದ್ದರಿಂದ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ, ಕಂಪನಿಯ ಕಪಾಟಿನಲ್ಲಿ ಅಲ್ಲ. ಒಂದು ಟಿಕೆಟ್ಟಿನ ದುಡ್ಡು ಮುಟ್ಟದೆ ಬದಿಗಿಡಿ. 2012ರ ಕಾರ್ಮಿಕ ಕಾನೂನಿನಲ್ಲಿ ಕಂಪನಿ ಕೆಲಸಗಾರರಿಗೆ ವರ್ಷಕ್ಕೆ 30 ದಿನದ ರಜೆಯಲ್ಲದೆ, ಹತ್ತಿರದವರು ತೀರಿಕೊಂಡಾಗ ಮೂರು ದಿನ ಸಂಬಳ ಸಹಿತ ರಜೆಯೂ ಉಂಟು. ಕೇಳಲು ಸಂಕೋಚ ಬೇಡ.

ಇನ್ನು ಫೋನಿನ ವಿಷಯ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಇಲ್ಲಿಯದು, ಮುಟ್ಟುವ ಹೊತ್ತು ಅಲ್ಲಿಯದು. ಗಾಬರಿಯಲ್ಲಿ ಎರಡೂ ಕಲಸಿಹೋಗುತ್ತವೆ. ಅಣ್ಣನಿಗೋ ಭಾವನಿಗೋ ಮಾತಾಡುವಾಗ "ಇಷ್ಟಕ್ಕೆ ಹೊರಡ್ತೇನೆ" ಅನ್ನಬೇಡಿ. "ಅಂಗಳಕ್ಕೆ ಕಾಲಿಡುವಾಗ ನಿಮ್ಮ ಗಂಟೆ ರಾತ್ರಿ ಹತ್ತು" ಅನ್ನಿ. ಕಾಯುವುದೋ ಬೇಡವೋ ಎಂದು ಮನೆಯವರು ತೀರ್ಮಾನ ಮಾಡುವುದು ಆ ಒಂದು ಗಂಟೆ ನೋಡಿಯೇ.