ಕಡಲಿ ಹೊಲದಿಂದ ಕಡಲಿಗೆ

ನಮ್ಮೂರು ಅಸೂಟಿಯಲ್ಲಿ ಕಡಲಿ ಅಂದ್ರೆ ಹಿಂಗಾರಿ ಬೆಳೆ. ಎರಿ ಹೊಲದಲ್ಲಿ ಮೊಣಕಾಲೆತ್ತರ ಬೆಳೆದು, ಚಳಿಗಾಲದ ಬೆಳಗಿನಲ್ಲಿ ಎಲೆ ಮುಟ್ಟಿದರೆ ಬೆರಳಿಗೆ ಹುಳಿ ಹತ್ತೋ ಗಿಡ. ಕಡಲು ಅನ್ನೋದು ಶಾಲೆಯ ಪುಸ್ತಕದಲ್ಲಿತ್ತು. ರೋಣದ ಕಡೆಯ ಯಾರನ್ನೇ ಕೇಳಿ, ಮೊದಲ ಸಲ ಸಮುದ್ರ ನೋಡಿದ ವರ್ಷ, ಯಾರ ಜೊತೆ ಹೋಗಿದ್ದು, ಬಸ್ಸಿಗೆ ಎಷ್ಟು ಕೊಟ್ಟಿದ್ದು, ಎಲ್ಲ ನೆನಪಿರುತ್ತೆ.

ಇಂಥ ಊರಲ್ಲಿ ಕೂತು ಹಡಗಿನ ಬಗ್ಗೆ ಬರೀತಿರೋದಕ್ಕೆ ಕಾರಣ ನಮ್ಮ ಓಣಿಯ ಬಡಿಗ್ಯಾರ ಅಜ್ಜ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಮರದ ಹಾಯಿಹಡಗು ಭಾರತೀಯ ನೌಕಾಪಡೆಗೆ ಸೇರಿತು. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಬೇಸಿಗೆ ರಜೆಗೆ ಊರಿಗೆ ಹೋಗಿದ್ದ ನಾನು, ಕಟ್ಟೆ ಮೇಲೆ ಕೂತಿದ್ದ ಅಜ್ಜನಿಗೆ ಫೋನಿನಲ್ಲಿ ಅದರ ವೀಡಿಯೊ ತೋರಿಸಿದೆ. ಅಜ್ಜ ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಓಣಿಯ ಹುಡುಗರಿಗೆಲ್ಲ ಅಜ್ಜ. ಚಕ್ಕಡಿ, ಕೂರಿಗೆ, ಕುಂಟಿ, ಬಾಗಿಲು, ತೊಟ್ಟಿಲು ಎಲ್ಲ ಅವನ ಕೈಯಿಂದ ಬಂದವೇ.

"ತಮ್ಮಾ, ಮೊಳಿ ಎಲ್ಲಿ ಹೊಡದಾರ ತೋರ್ಸು" ಅಂದ.

"ಮೊಳಿ ಇಲ್ಲಜ್ಜ. ಹಗ್ಗದಾಗ ಹೊಲದಾರ."

"ಹಡಗಾ? ಹೊಲದಾರ?"

ಕನ್ನಡಕ ಹಾಕಿಕೊಂಡು ಬಂದ. ಹಿಂದೆ ಸರಿಸು, ನಿಲ್ಲಿಸು, ದೊಡ್ಡದು ಮಾಡು ಅಂತ ಅರ್ಧ ಗಂಟೆ ಕೂತ. ಕೊನೆಗೆ, "ಇದು ಹೊಲಿಗಿ ಅಲ್ಲೋ, ಬಿಗಿತ" ಅಂತ ಹೇಳಿ ಫೋನ್ ವಾಪಸ್ ಕೊಟ್ಟ. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹಡಗಿನ ಕಥೆ ಇಷ್ಟು. ಅಜಂತಾ ಗುಹೆಯ ಗೋಡೆ ಮೇಲೆ ಐದನೇ ಶತಮಾನದ ಒಂದು ಹಡಗಿನ ಚಿತ್ರ ಇದೆ. ಅಂಥ ಹಡಗು ಒಂದೂ ಉಳಿದಿಲ್ಲ, ನಕ್ಷೆಯೂ ಇಲ್ಲ. ಇರೋದು ಚಿತ್ರಕಾರ ನೋಡಿ ಬರೆದ ಆ ಚಿತ್ರ, ಅಷ್ಟೇ. ಅದನ್ನೇ ಹಿಡಿದು ಮತ್ತೆ ಕಟ್ಟೋಣ ಅಂತ 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೊಡಿ ಇನ್ನೋವೇಶನ್ಸ್ ಒಪ್ಪಂದ ಮಾಡಿಕೊಂಡವು. ಸೆಪ್ಟೆಂಬರ್ 12ಕ್ಕೆ ಅಡಿಮರ ಇಟ್ಟರು. 2025ರ ಫೆಬ್ರುವರಿಯಲ್ಲಿ ಹಡಗು ನೀರಿಗಿಳಿಯಿತು. ಕಟ್ಟಿದವರು ಕೇರಳದ ಕುಶಲಕರ್ಮಿಗಳು, ಅವರ ಮುಖ್ಯಸ್ಥ ಬಾಬು ಶಂಕರನ್. ಗಾತ್ರದಲ್ಲಿ ತೀರಾ ದೊಡ್ಡದಲ್ಲ. ಉದ್ದ ಸುಮಾರು 20 ಮೀಟರ್, ಅಗಲ ಆರೂವರೆ. ಎಂಜಿನ್ ಇಲ್ಲ. ಚೌಕಾಕಾರದ ಹಾಯಿ. ಈಗಿನ ಹಡಗಿಗಿರೋ ಚುಕ್ಕಾಣಿಯೂ ಇಲ್ಲ, ಹಿಂಬದಿಯ ಪಕ್ಕದಲ್ಲಿ ಇಳಿಬಿಟ್ಟ ದೊಡ್ಡ ಹುಟ್ಟುಗಳನ್ನ ತಿರುಗಿಸಿ ದಿಕ್ಕು ಬದಲಿಸಬೇಕು. ಇಂಥದನ್ನು ಈಗಿನ ನೌಕಾಪಡೆಯಲ್ಲಿ ಯಾರೂ ನಡೆಸಿದವರಲ್ಲ. ಹಾಗಾಗಿ ಮೊದಲು ಐಐಟಿ ಮದ್ರಾಸ್‌ನಲ್ಲಿ ಚಿಕ್ಕ ಮಾದರಿ ಮಾಡಿ ನೀರಲ್ಲಿ ಪರೀಕ್ಷಿಸಿದರು.

ಹಾಯಿಯ ಮೇಲೆ ಸೂರ್ಯ, ಜೊತೆಗೆ ನಮ್ಮ ಗಂಡಭೇರುಂಡ. ರಾಜ್ಯ ಸರ್ಕಾರದ ಲಾಂಛನದಲ್ಲಿ ದಿನಾ ನೋಡಿ ನೋಡಿ ಕಣ್ಣಿಗೆ ಬೀಳದೇ ಹೋಗಿದ್ದ ಆ ಎರಡು ತಲೆಯ ಹಕ್ಕಿ, ಗಾಳಿ ತುಂಬಿದ ಹಾಯಿಯ ಮೇಲೆ ಉಬ್ಬಿ ನಿಂತಾಗ ಬೇರೆಯೇ ಕಾಣುತ್ತೆ. ಗೋವಾದ ಕದಂಬರ ಗುರುತು ಅಂತ ಅದನ್ನು ಹಾಕಿದ್ದು. ಕಾರವಾರದ ನೌಕಾನೆಲೆಯ ಹೆಸರೂ ಐಎನ್‌ಎಸ್ ಕದಂಬ.

ಇನ್ನು ಹೊಲಿಗೆ. ಎರಡು ಹಲಗೆ ಅಂಚಿಗೆ ಅಂಚು ಕೂಡಿಸಿ, ಎರಡರ ಅಂಚಿನಲ್ಲೂ ಸಾಲಾಗಿ ತೂತು ಕೊರೀತಾರೆ. ಸಂದಿನ ಮೇಲೆ ತೆಂಗಿನ ನಾರಿನ ಸುರುಳಿ ಇಟ್ಟು, ನಾರಿನ ಹಗ್ಗ ಪೋಣಿಸಿ ಜಗ್ಗಿ ಕಟ್ಟುತ್ತಾರೆ. ತೂತಿಗೆ ನಾರು ತುರುಕಿ ರಾಳ, ಮೀನೆಣ್ಣೆ ಬಳೀತಾರೆ. ನೀರಿಗಿಳಿದ ಮೇಲೆ ಮರ ಉಬ್ಬಿ ಸಂದು ಇನ್ನೂ ಬಿಗಿಯಾಗುತ್ತೆ. ಕಬ್ಬಿಣದ ಮೊಳೆ ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತೆ, ನಾರಿಗೆ ಉಪ್ಪುನೀರು ಒಗ್ಗುತ್ತೆ. ಅದಕ್ಕಿಂತ ದೊಡ್ಡ ಮಾತು, ಅಲೆ ಬಡಿದಾಗ ಹೊಲಿದ ಹಡಗು ಸ್ವಲ್ಪ ಬಳುಕುತ್ತೆ. ಸೆಟೆದು ನಿಂತು ಸೀಳೋದಿಲ್ಲ.

ಈ ಬಳುಕೋ ವಿಷಯ ಅಜ್ಜನಿಗೆ ಹೇಳಬೇಕಾಗಿಯೇ ಇರಲಿಲ್ಲ. ಕೂರಿಗೆ ನೋಡಿದವರಿಗೆ ಗೊತ್ತಿರುತ್ತೆ. ನೋಡದವರಿಗೆ ಹೇಳ್ತೀನಿ: ಬೀಜ ಬಿಡೋಕೆ ಮೇಲೊಂದು ಮರದ ಬಟ್ಟಲು, ಅದರಿಂದ ಇಳಿಯೋ ಬಿದಿರಿನ ಕೊಳವೆಗಳು, ಕೆಳಗೆ ನೆಲ ಸೀಳೋ ಹಲ್ಲು. ಇವನ್ನೆಲ್ಲ ಹಿಡಿದಿಡೋದು ಹಗ್ಗ. ಎರಿ ಮಣ್ಣು ಒಂದೇ ಹೊಲದಲ್ಲಿ ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಕಲ್ಲು. ಮೊಳೆ ಹೊಡೆದು ಬಿಗಿದಿದ್ರೆ ಗಟ್ಟಿ ಹೆಂಟೆಗೆ ಬಿದ್ದ ಕೂಡಲೇ ಬಿದಿರು ಸೀಳುತ್ತೆ.

"ಮೊಳಿ ಹಟ ಮಾಡ್ತೈತಿ, ಹಗ್ಗ ಮಾತು ಕೇಳ್ತೈತಿ" ಅಂತಾನೆ ಅಜ್ಜ. ಸಮುದ್ರವನ್ನೇ ನೋಡದ ಮನುಷ್ಯ ಹಡಗನ್ನ ಅರ್ಥ ಮಾಡಿಕೊಂಡಿದ್ದು ಹೀಗೆ.

ಅವನಿಗೆ ಸಮುದ್ರ ತೋರಿಸಲೇಬೇಕು ಅನ್ನಿಸಿತು. ದೀಪಾವಳಿ ರಜೆಗೆ ಬಂದಾಗ ಹಿಂಗಾರಿ ಬಿತ್ತನೆ ಮುಗಿದಿತ್ತು. ಅಜ್ಜನನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹಡಗು ನೋಡೋಕೆ ಆಗಲ್ಲ, ಅದು ನೌಕಾನೆಲೆ, ನಮ್ಮಂಥವರಿಗೆ ಒಳಗೆ ಬಿಡಲ್ಲ ಅಂತ ಮೊದಲೇ ಹೇಳಿದ್ದೆ. "ನೀರರ ನೋಡೂಣು ನಡಿ" ಅಂದ.

ಹುಬ್ಬಳ್ಳಿ ದಾಟಿ, ಕಲಘಟಗಿ ದಾಟಿದ ಮೇಲೆ ಅಜ್ಜ ಮಾತು ನಿಲ್ಲಿಸಿದ. ಯಲ್ಲಾಪುರದ ಕಾಡು ಶುರುವಾಗಿತ್ತು. ಅವನು ನೋಡ್ತಿದ್ದದ್ದು ಹಸಿರನ್ನಲ್ಲ, ಕಟ್ಟಿಗೆಯನ್ನ. ಎಷ್ಟುದ್ದ ನೆಟ್ಟಗಿದೆ, ಗಂಟು ಎಲ್ಲಿದೆ, ಕೊಯ್ದರೆ ಎಷ್ಟು ಹಲಗೆ ಬೀಳುತ್ತೆ! ನಮ್ಮ ಕಡೆ ಬಡಿಗತನ ಅಂದ್ರೆ ಕರಿಜಾಲಿ, ಬೇವು. ಸೊಟ್ಟ ಬೆಳೆದ ಮರದಲ್ಲಿ ನೆಟ್ಟಗಿನ ಕೆಲಸ ತೆಗೆಯೋ ವಿದ್ಯೆ. ಸಾಗವಾನಿ ಸಾಲಿನ ಪಕ್ಕ ಕಾರು ನಿಲ್ಲಿಸಿದಾಗ ಒಂದು ಮರಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತ. ಅರಬೈಲ ಘಟ್ಟ ಇಳಿದು ಅಂಕೋಲಾ ದಾಟಿ ಕಾರವಾರ ಮುಟ್ಟಿದಾಗ ಬಿಸಿಲು ಇಳೀತಿತ್ತು.

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ. ನಿವೃತ್ತಿಯಾದ ಯುದ್ಧನೌಕೆ, ಈಗ ವಸ್ತುಸಂಗ್ರಹಾಲಯ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ತಿದ್ರು. ಅಜ್ಜ ಒಮ್ಮೆ ನೋಡಿ, "ಕಬ್ಬಿಣ" ಅಂದು ಮುಂದೆ ನಡೆದ. ಸಮುದ್ರ ನೋಡಿ ಏನಾದ್ರೂ ಹೇಳ್ತಾನೆ ಅಂತ ಕಾದಿದ್ದೆ. ಧೋತರ ಎತ್ತಿ ಕಟ್ಟಿ ಪಾದ ಮುಳುಗೋವರೆಗೆ ಹೋದ. ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಹಚ್ಚಿ ಉಗುಳಿದ. ಅಷ್ಟೇ. ಅವನ ಕಣ್ಣು ಆಗಲೇ ದೂರದಲ್ಲಿ ಮರಳಿಗೆಳೆದಿದ್ದ ದೋಣಿಗಳ ಮೇಲಿತ್ತು.

ಹೆಚ್ಚಿನವು ಫೈಬರ್ ದೋಣಿ. ಒಂದು ಮಾತ್ರ ಹಳೇ ಮರದ್ದು. ಅದರ ನೆರಳಲ್ಲಿ ಬಲೆ ಸರಿಮಾಡ್ತಾ ಕೂತಿದ್ದ ಹಿರಿಯರೊಬ್ಬರು ಅಜ್ಜನನ್ನ ನೋಡಿ ಕೇಳಿದರು, "ಯಾವೂರು ನಿಮ್ದು?"

"ರೋಣದ ಕಡೆಯವ್ರರೀ. ಬಡಿಗ್ಯಾರು."

ಆ ಒಂದು ಪದಕ್ಕೆ ಅವರು ಬಲೆ ಕೆಳಗಿಟ್ಟು ಜಾಗ ಮಾಡಿಕೊಟ್ಟರು. ಅವರ ಕನ್ನಡದಲ್ಲಿ ಕೊಂಕಣಿ, ಅಜ್ಜನದು ಎರಿನಾಡಿನ ಮಾತು. ಹಲಗೆ ಮೇಲೆ ಬೆರಳಾಡಿಸ್ತಾ ಇಬ್ಬರೂ ಅರ್ಥ ಮಾಡಿಕೊಂಡರು. ನಾನು ಸುಮ್ಮನೆ ಕೂತೆ.

ಅವರು ಹೇಳಿದ್ದು ನನಗೆ ಹೊಸದು. ಹೊಲಿದ ಹಡಗು ಅಂದ್ರೆ ಅಜಂತಾ, ಐದನೇ ಶತಮಾನ ಅಂತ ನಾನಂದುಕೊಂಡಿದ್ದೆ. ಇದೇ ತೀರದಲ್ಲಿ, ಅವರ ಬಾಲ್ಯದಲ್ಲಿ, ರಂಪಣಿ ದೋಣಿಗಳನ್ನ ಹೊಲೀತಿದ್ದರಂತೆ. ಊರಿಗೆ ಊರೇ ಸೇರಿ ಎಳೀತಿದ್ದ ರಂಪಣಿ ಬಲೆ ಗೊತ್ತಲ್ಲ, ಅದನ್ನ ಸಮುದ್ರಕ್ಕೆ ಒಯ್ದು ಬಿಡ್ತಿದ್ದ ದೊಡ್ಡ ದೋಣಿ. ನಾರಿನ ಹಗ್ಗದ ಹೊಲಿಗೆ. ಅದು ಸಡಿಲಾದಾಗ ಬಿಚ್ಚಿ ಮತ್ತೆ ಹೊಲೀಬೇಕು. ಹೊಲಿಯೋ ದಿನ ಮನೆ ಮಂದಿಯೆಲ್ಲ ಇರ್ತಿದ್ರು, ಒಬ್ಬರು ಹಗ್ಗ ಜಗ್ಗಿದ್ರೆ ಒಬ್ಬರು ಒಳಗಿಂದ ಬಡೀಬೇಕು. 1970ರ ದಶಕದಲ್ಲಿ ಟ್ರಾಲರ್, ಪರ್ಸೀನ್ ಬೋಟುಗಳು ಬಂದವು, ರಂಪಣಿ ಸೊರಗಿತು, ಅದರ ಜೊತೆ ಹೊಲಿಗೆಯೂ ಹೋಯಿತು.

"ಈಗ ಯಾರಿಗರ ಬರ್ತೈತೇನು?" ಅಜ್ಜ ಕೇಳಿದ.

ಅವರು ತಮ್ಮ ಕೈ ನೋಡಿಕೊಂಡರು. "ನೋಡಿದ್ದು ನೆನಪುಂಟು. ಮಾಡಿದ್ದಿಲ್ಲ."

ಹಿಂದೆ ಬರುವಾಗ ದಾರಿಯುದ್ದಕ್ಕೂ ನಾನು ಯೋಚಿಸ್ತಿದ್ದದ್ದು ಇದನ್ನೇ. ಕೌಂಡಿನ್ಯದ ಬಗ್ಗೆ ಬರೋ ರೀಲ್‌ಗಳಲ್ಲೆಲ್ಲ ಸಾವಿರದೈನೂರು ವರ್ಷ ಅನ್ನೋ ಮಾತಿಗೆ ಒತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಐವತ್ತು ವರ್ಷ. ಸಾವಿರದೈನೂರು ವರ್ಷ ತಲೆಯಿಂದ ತಲೆಗೆ ದಾಟಿ ಬಂದದ್ದು ಕಾರವಾರದಲ್ಲಿ ಐವತ್ತು ವರ್ಷದೊಳಗೆ ನಿಂತಿತು. ಕೇರಳದಲ್ಲಿ ಕೆಲವರ ಕೈಯಲ್ಲಿ ನಿಲ್ಲದೇ ಉಳಿದದ್ದಕ್ಕೆ ಈ ಹಡಗು ಬಂತು. ಚಿತ್ರ ನೋಡಿ ಆಕಾರ ತಿಳೀಬಹುದು. ಹಗ್ಗ ಎಷ್ಟು ಜಗ್ಗಿದ್ರೆ ಸಾಕು ಅನ್ನೋದು ಅಜಂತಾ ಗೋಡೆ ಮೇಲೆ ಬರೆದಿಲ್ಲ.

ಹೊಲಿದ ಹಡಗನ್ನ ಮತ್ತೆ ಕಟ್ಟಿದ್ದು ಇದೇ ಮೊದಲಲ್ಲ. 1980ರಲ್ಲಿ ಟಿಮ್ ಸೆವೆರಿನ್ ಒಮಾನಿನಲ್ಲಿ ಸೊಹಾರ್ ಅನ್ನೋ ಹಡಗು ಹೊಲಿಸಿ ಮಸ್ಕತ್‌ನಿಂದ ಚೀನಾಕ್ಕೆ ಹೋದ. ಮರ ಮಲಬಾರಿನದು. ಆ ಹಡಗು ಈಗ ಮಸ್ಕತ್‌ನಲ್ಲಿ ರಸ್ತೆಯ ವೃತ್ತವೊಂದರಲ್ಲಿ ನಿಂತಿದೆ. 2010ರಲ್ಲಿ ಜ್ಯುವೆಲ್ ಆಫ್ ಮಸ್ಕತ್ ಸಿಂಗಪುರದವರೆಗೆ ಹೋಗಿ ಅಲ್ಲಿನ ಮ್ಯೂಸಿಯಂ ಸೇರಿತು. ಒಂದೊಂದು ಪಯಣ ಮಾಡಿ ಎರಡೂ ಪ್ರದರ್ಶನಕ್ಕೆ ನಿಂತವು. ತಪ್ಪೇನಲ್ಲ. ಆದ್ರೆ ಚಕ್ಕಡಿ ಗಾಲಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಈಗ ಅಜ್ಜನ ಹತ್ತಿರ ಬರೋರು ಹೊಸ ಚಕ್ಕಡಿಗಲ್ಲ, ಹೋಂಸ್ಟೇ ಗೋಡೆಗೆ ತೂಗುಹಾಕೋ ಹಳೇ ಗಾಲಿಗೆ. ವಾರ್ನಿಷ್ ಹೊಡೆದು, ನಡುವೆ ಬಲ್ಬು ಇಟ್ಟು. ಕುಳ್ಳಿನ ಬೆಂಕಿಯಲ್ಲಿ ಹಳಿ ಕೆಂಪಗೆ ಕಾಯಿಸಿ, ಗಾಲಿಗೆ ಏರಿಸಿ, ನೀರು ಸುರಿದಾಗ ಚೊಯ್ ಅಂತ ಬಿಗಿಯೋದನ್ನ ಓಣಿಯ ಹುಡುಗರೆಲ್ಲ ಸುತ್ತ ನಿಂತು ನೋಡ್ತಿದ್ವಿ. ಆ ಗಾಲಿಯ ಕೆಲಸ ಉರುಳೋದು.

ಹಾಗಾಗಿಯೇ ಕೌಂಡಿನ್ಯ ನನಗೆ ಇಷ್ಟವಾದದ್ದು, ಅದನ್ನ ಕಟ್ಟಿ ಗಾಜಿನ ಹಿಂದೆ ಇಡಲಿಲ್ಲ ಅಂತ. 2025ರ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ದಿನಾ ರಾತ್ರಿ ಆಫೀಸಿನಿಂದ ಬಂದು ಎಲ್ಲಿಗೆ ಬಂತು ಅಂತ ನೋಡೋದು ನನಗೆ ಚಟವಾಯ್ತು. ಗಾಳಿ ಬಿದ್ದುಹೋದ ದಿನ ಹಡಗು ನಿಂತಲ್ಲೇ ನಿಲ್ಲುತ್ತೆ, ಬೇರೆ ದಾರಿಯೇ ಇಲ್ಲ. ಟ್ರಾಫಿಕ್‌ನಲ್ಲಿ ಎರಡು ನಿಮಿಷ ನಿಂತರೆ ಹಾರ್ನ್ ಒತ್ತೋ ನನಗೆ ಆ ಸುದ್ದಿ ಓದೋದೇ ಒಂದು ಶಿಕ್ಷೆ.

ಜನವರಿ 14, ಸಂಕ್ರಮಣಕ್ಕೆ ಊರಲ್ಲಿದ್ದೆ. ಹಡಗು ಮಸ್ಕತ್ ಮುಟ್ಟಿತು ಅನ್ನೋ ಸುದ್ದಿ ಬಂತು. ಅಜ್ಜನ ಮನೆಗೆ ಓಡಿದೆ. ಐಹೊಳೆಯ ಮೇಗುತಿ ಗುಡಿಯ ಶಾಸನದ ಮಾತನ್ನೂ ಸೇರಿಸಿ ಹೇಳಿದೆ. ನಮ್ಮ ಬಾದಾಮಿಯ ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಪಶ್ಚಿಮ ಕಡಲಿನ ಪುರಿ ಅನ್ನೋ ಪಟ್ಟಣ ಮುತ್ತಿದ್ದ ಅಂತ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ್ದಾನೆ, ನಮ್ಮ ಎರಿನಾಡಿನವರಿಗೂ ಹಡಗಿಗೂ ನಂಟಿದೆ ಅಜ್ಜಾ, ಅಂತ.

ಅಜ್ಜ ಪುಲಕೇಶಿಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ನೀರು ಒಳಗ ಬಂತೇನು?" ಅಂದ.

"ಹದಿನೇಳು ದಿನ ನಡದೈತಿ ಅಜ್ಜ. ಮುಟ್ಟೈತಿ."

"ಬಿಗಿತ ಚಲೋ ಅದ ಹಂಗಾರ." ಸ್ವಲ್ಪ ಹೊತ್ತು ಬಿಟ್ಟು, "ಹಗ್ಗ ಸಡ್ಲಾತದ. ಮತ್ತ ಬಿಗಿಯಾಕ ಹುಡುಗರಿಗೆ ಕಲಿಸ್ಯಾರೇನು?"

ಗೊತ್ತಿಲ್ಲ ಅಂದೆ. ಅಂಗಳದಲ್ಲಿ ಒಂದು ಕೂರಿಗೆ ಮಲಗಿತ್ತು. ಈಗ ಬಹಳಷ್ಟು ಹೊಲಕ್ಕೆ ಟ್ರ್ಯಾಕ್ಟರಿನ ಬಿತ್ತನೆ, ಆದ್ರೂ ಇನ್ನೂ ಎತ್ತು ಇಟ್ಟಿರೋ ಒಬ್ಬರು ರಿಪೇರಿಗೆ ತಂದು ಹಾಕಿದ್ದರು. ಬಿದಿರು ಹೊಸದು, ಹಗ್ಗ ಇನ್ನೂ ಕಟ್ಟಿರಲಿಲ್ಲ.

"ಎಳ್ಳುಬೆಲ್ಲ ಆಮ್ಯಾಲೆ ತಿನ್ನೂಣು" ಅಂದ ಅಜ್ಜ. "ಈ ತುದಿ ಹಿಡಕೊಂಡು ಕೂಡು. ನಾ ಹೇಳೂತನ ಬಿಡಬ್ಯಾಡ."

ಹಿಡಿದು ಕೂತೆ. ಮೊದಲ ಸಲ ಜಾಸ್ತಿ ಜಗ್ಗಿದೆ, ಬಿದಿರು ಚಟ್ ಅಂತು. ಬಿಚ್ಚಿಸಿ, ಮತ್ತೆ ಮೊದಲಿಂದ ಕಟ್ಟಿಸಿದ.