ಕಪಾಟಿನ ಕಲ್ಲು, ಹೊಲದ ಕಲ್ಲು

ಶಿಕ್ಷಕ ಮಿತ್ರರೆ, ‘ಕರ್ನಾಟಕದ ಖನಿಜಗಳು ಯಾವುವು?’ ಎಂದು ನಿಮ್ಮ ತರಗತಿಯಲ್ಲೊಮ್ಮೆ ಕೇಳಿ ನೋಡಿ. ಕಬ್ಬಿಣ, ಮ್ಯಾಂಗನೀಸ್, ಚಿನ್ನ, ಅಭ್ರಕ ಎಂದು ಮಕ್ಕಳು ಪಟಪಟನೆ ಒಪ್ಪಿಸುತ್ತಾರೆ. ‘ಇವುಗಳಲ್ಲಿ ಯಾವುದನ್ನು ಕೈಯಲ್ಲಿ ಹಿಡಿದು ನೋಡಿದ್ದೀರಿ?’ ಎಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ. ಕಾಗಿನೆಲೆಯ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟಾಗಲೆಲ್ಲ ನನಗಾದ ಅನುಭವ ಇದೇ.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ತರಬೇತಿಗೆಂದು ಹೋದಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಹತ್ತಿರದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅಲ್ಲಿನ ಭೂವಿಜ್ಞಾನ ವಿಭಾಗದ ವಸ್ತುಸಂಗ್ರಹಾಲಯಕ್ಕೆ ಹೋದೆ. ಗಾಜಿನ ಕಪಾಟುಗಳಲ್ಲಿ ಕಲ್ಲುಗಳ ಸಾಲು, ಪ್ರತಿಯೊಂದರ ಮುಂದೆ ಪುಟ್ಟ ಚೀಟಿ. ಕಲ್ಲಿನ ಹೆಸರು, ಅದು ಸಿಕ್ಕಿದ ಊರು, ಇಷ್ಟೇ ಬರಹ. ಊರಿನ ಹೆಸರಿಲ್ಲದ ಕಲ್ಲು ವಿಜ್ಞಾನಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂದು ಅಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ವಿವರಿಸಿದರು.

ಅಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಹತ್ತು ಕಲ್ಲುಗಳ ಒಂದು ಸಾಲು. 1812ರಲ್ಲಿ ಜರ್ಮನಿಯ ಫ್ರೆಡರಿಕ್ ಮೋಸ್ ಎಂಬ ವಿಜ್ಞಾನಿ ರೂಪಿಸಿದ ಕಾಠಿಣ್ಯದ ಅಳತೆ ಅದು. ಒಂದನೆಯದು ಟಾಲ್ಕ್, ಹತ್ತನೆಯದು ವಜ್ರ. ಹೆಚ್ಚಿನ ಸಂಖ್ಯೆಯ ಕಲ್ಲು ಕಡಿಮೆ ಸಂಖ್ಯೆಯದರ ಮೇಲೆ ಗೀರು ಹಾಕುತ್ತದೆ. ಈ ಟಾಲ್ಕ್ ನಮಗೆ ಹೊಸದೇನಲ್ಲ. ಬಳಪದ ಕಲ್ಲಿನ ಮುಖ್ಯ ಖನಿಜವೇ ಅದು. ಅಷ್ಟು ಮೆದುವಾದ್ದರಿಂದಲೇ ಹಾವೇರಿಯ ಸಿದ್ಧೇಶ್ವರ ಗುಡಿಯ ಶಿಲ್ಪಿಗಳು ಆ ಕಲ್ಲಿನಲ್ಲಿ ಅಷ್ಟು ನವಿರಾದ ಕೆತ್ತನೆ ಮಾಡಲು ಸಾಧ್ಯವಾಯಿತು. ಏಳನೆಯದಾದ ಕ್ವಾರ್ಟ್ಜ್ ನಮ್ಮ ಹೊಲಗಳಲ್ಲಿ ಬೆಳ್ಳಗೆ ಬಿದ್ದಿರುವ ಬೆಣಚುಕಲ್ಲು. ಅಭ್ರಕವನ್ನಂತೂ ಹಳ್ಳಿಯ ಮಕ್ಕಳು ‘ಕಾಗೆಬಂಗಾರ’ ಎಂದು ಎಂದೋ ಗುರುತಿಸಿಟ್ಟಿದ್ದಾರೆ!

ಮುಂದಿನ ಕಪಾಟಿನಲ್ಲಿ ರತ್ನದ ಕಲ್ಲುಗಳು. ಕೆಂಪು ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಖನಿಜವೆಂದರೆ ನಂಬುತ್ತೀರಾ? ಎರಡೂ ಕುರುಂದವೇ, ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಸಂಯುಕ್ತ. ಅದರಲ್ಲಿ ಲೇಶಮಾತ್ರ ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ನವರತ್ನಗಳಲ್ಲಿ ಮುತ್ತು, ಹವಳಗಳು ಜೀವಿಗಳಿಂದ ಬಂದವು, ಉಳಿದವು ಖನಿಜಗಳು.

‘ಗಾಜಿನ ಚೂರನ್ನು ಮಾಣಿಕ್ಯ ಎಂದರೆ ಗುರುತಿಸುವುದು ಹೇಗೆ?’ ಎಂದು ಕೇಳಿದೆ. ಗಾಜು ಕರಗಿ ಹರಿಯುವಾಗ ಗಾಳಿ ಸಿಕ್ಕಿಕೊಂಡರೆ ದುಂಡು ಗುಳ್ಳೆಗಳು ಉಳಿಯುತ್ತವೆ, ಭೂಮಿಯೊಳಗೆ ಹುಟ್ಟಿದ ಮಾಣಿಕ್ಯದಲ್ಲಿ ಅಂಥ ಗುಳ್ಳೆ ಇರುವುದಿಲ್ಲ ಎಂದು ಅವರು ತಿಳಿಸಿದರು. ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ತಯಾರಿಸುವ ವಿಧಾನವನ್ನು ಫ್ರಾನ್ಸಿನ ವರ್ನಾಯ್ 1902ರಲ್ಲೇ ಪ್ರಕಟಿಸಿದ್ದ. ಅಂಥ ಕಲ್ಲಿನಲ್ಲೂ ಗುಳ್ಳೆ ಇರಬಹುದು.

ಈ ಮಾತು ಬೇಗನೆ ಉಪಯೋಗಕ್ಕೆ ಬಂತು. ಕಾಗಿನೆಲೆ ಬಳಿಯ ಒಂದು ಶಾಲೆಯಲ್ಲಿ ಭೂತಗನ್ನಡಿಯ ಚಟುವಟಿಕೆ ನಡೆಸುತ್ತಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಬಂದು ಬೆರಳಿನ ಉಂಗುರ ತೋರಿಸಿದರು. ‘ಇದು ಖರೇ ಮಾಣಿಕ್ಯ ಐತೇನ್ರಿ ಸರ? ಎರಡು ವರ್ಷ ಮೆಣಸಿನಕಾಯಿ ಕೈಕೊಟ್ಟೈತ್ರಿ. ಇದನ್ನ ಹಾಕ್ಕೊಂಡ್ರ ಸರಿಹೋಗತೈತಿ ಅಂದ್ರು.’ ಬೀಜ, ಗೊಬ್ಬರಕ್ಕೆಂದು ಇಟ್ಟಿದ್ದ 12,000 ರೂಪಾಯಿ ಅದಕ್ಕೆ ಹೋಗಿತ್ತು. ನಾನು ನೋಡುವ ಮೊದಲೇ ಮಗಳು ಭೂತಗನ್ನಡಿ ಹಿಡಿದಳು. ‘ಅಪ್ಪಾ, ಒಳಗ ಗುಳ್ಳಿ ಕಾಣ್ತಾವ!’ ನಾನೂ ನೋಡಿದೆ. ದುಂಡನೆಯ ಮೂರು ಗುಳ್ಳೆಗಳು ಸ್ಪಷ್ಟವಾಗಿದ್ದವು. ಗಾಜೋ, ಕುಲುಮೆಯಲ್ಲಿ ಮಾಡಿದ ಕಲ್ಲೋ, ನೆಲದಿಂದ ಬಂದದ್ದಂತೂ ಅಲ್ಲ ಎಂದು ಹೇಳಬೇಕಾಯಿತು. ‘ಅಸಲಿಯಾಗಿದ್ದರೂ ಕಲ್ಲಿಗೆ ಮಳೆ ತರುವ ಶಕ್ತಿ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿ’ ಎಂದೆ. ಅವರು ಮಾತಾಡಲಿಲ್ಲ. ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಮಣ್ಣನ್ನು ಎಲ್ಲಿಗೆ ಒಯ್ಯಬೇಕೆಂದು ಕೇಳಿದರು. ರೈತ ಸಂಪರ್ಕ ಕೇಂದ್ರದ ದಾರಿ ತಿಳಿಸಿದೆ. ಹೋದ ಹಣ ಮರಳಿ ಬರಲಿಲ್ಲ. ಆದರೆ ಈ ಪರೀಕ್ಷೆ ಹಣ ಕೊಡುವ ಮೊದಲೇ ಆ ಮನೆಯಲ್ಲಿ ನಡೆದಿದ್ದರೆ? ವಿಜ್ಞಾನ ಪಾಠ ಮನೆಗೆ ತಲುಪುವುದೆಂದರೆ ಇದೇ ಅಲ್ಲವೆ?

ಎಲ್ಲ ಮಕ್ಕಳನ್ನೂ ಮೈಸೂರಿಗೆ ಕರೆದೊಯ್ಯಲು ನಮ್ಮಿಂದಾಗದು, ನಿಜ. ಆದರೆ ನಾವು ನಿಂತ ನೆಲವೇನು ಸಾಮಾನ್ಯವೆ? ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ‘ಧಾರವಾಡ’ ಎಂದು ಹೆಸರಿಟ್ಟ ಶಿಲೆಗಳು ನಮ್ಮ ಜಿಲ್ಲೆಯಲ್ಲಿವೆ. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನದ ಅದಿರನ್ನೂ ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಆದ್ದರಿಂದ ಶಾಲೆಯಲ್ಲೇ ಒಂದು ಕಲ್ಲಿನ ಪೆಟ್ಟಿಗೆ ಮಾಡಿ. ಖಾಲಿ ಸಿಹಿತಿಂಡಿ ಡಬ್ಬಿಯೂ ಆದೀತು. ಹೊಲದ ಬದು, ಕೆರೆಯ ಏರಿ, ಬಾವಿ ತೋಡಿದ ಗುಡ್ಡೆಗಳಿಂದ ಮಕ್ಕಳು ಕಲ್ಲು ತರಲಿ. ಕ್ವಾರಿಗೆ ಮಾತ್ರ ಕಳಿಸಬೇಡಿ, ಸುತ್ತಿಗೆಯಿಂದ ಒಡೆಯಲೂ ಬಿಡಬೇಡಿ. ನಂತರ ಹೀಗೆ ಪರೀಕ್ಷಿಸಿ. ಉಗುರಿನಿಂದ ಗೀರು ಬಿದ್ದರೆ ಕಾಠಿಣ್ಯ ಎರಡೂವರೆಗಿಂತ ಕಡಿಮೆ. ಕಬ್ಬಿಣದ ಮೊಳೆಗೆ ಬಗ್ಗದೆ ಗಾಜಿನ ಚೂರಿನ ಮೇಲೇ ಗೀರು ಹಾಕಿದರೆ ಅದು ಬೆಣಚುಕಲ್ಲು ಇರಬಹುದು. ಗಾಜಿನ ಚೂರು ನಿಮ್ಮ ಕೈಯಲ್ಲೇ ಇರಲಿ. ಬಿಳಿ ಟೈಲ್ಸಿನ ಹಿಂಬದಿಯ ಒರಟು ಮೈಮೇಲೆ ತಿಕ್ಕಿದಾಗ ಕೆಂಗಂದು ಗೆರೆ ಮೂಡಿದರೆ, ಕಲ್ಲು ಕಪ್ಪಗಿದ್ದರೂ ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು ಇರಬೇಕು. ಸುಣ್ಣಕಲ್ಲಿನ ಪುಡಿಗೆ ನಿಂಬೆರಸ ಹಾಕಿದರೆ ಸಣ್ಣ ನೊರೆ ಏಳುತ್ತದೆ. ಆದರೆ ಗೀರುವ ಪರೀಕ್ಷೆಯನ್ನು ಯಾರ ಒಡವೆಯ ಮೇಲೂ ಮಾಡಕೂಡದೆಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಚೀಟಿ ಬರೆಯುವುದನ್ನು ಮರೆಯಬೇಡಿ. ಕಲ್ಲು ಸಿಕ್ಕಿದ ಜಾಗ, ತಾರೀಖು, ತಂದ ಮಗುವಿನ ಹೆಸರು ಇರಲೇಬೇಕು. ಕಲ್ಲಿನ ಹೆಸರು ತಿಳಿಯದಿದ್ದರೆ ಆ ಜಾಗ ಖಾಲಿ ಬಿಡಿ. ಮುಂದಿನ ಸಮಾಲೋಚನಾ ಸಭೆಗೆ ಬರುವಾಗ ಅಂಥ ಕಲ್ಲುಗಳನ್ನು ಚೀಟಿಯ ಸಮೇತ ತನ್ನಿ, ಎಲ್ಲರೂ ಕೂಡಿ ಹೆಸರು ಹುಡುಕೋಣ.