ಖಾಲಿ ಬಿಡಲಾಗದ ಖಾನೆ

ಆಗಸ್ಟ್ 11, 2025, ಸೋಮವಾರ

ಹಳದಿ ಮೆಟ್ರೊ ಇವತ್ತಿನಿಂದ ಜನರಿಗೆ. ಬಿಟಿಎಂನಲ್ಲಿ ಹತ್ತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆ. ಸಿಲ್ಕ್ ಬೋರ್ಡನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು. ರೈಲು 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಹತ್ತು ಗಂಟೆಯ ರಿಪೋರ್ಟೂ ತಪ್ಪಿದ ಹಾಗೆ.

ತಪ್ಪಲಿಲ್ಲ. ಆದರೆ ಲೆಕ್ಕ ಟ್ಯಾಲಿ ಆಗಲಿಲ್ಲ. ಸಿಸ್ಟಂನಿಂದ ತೆಗೆದ ಡೇಟಾ ಡಂಪ್ ಅನ್ನು ಎಕ್ಸೆಲ್‌ನಲ್ಲಿ ತೆರೆದಾಗ 10,48,576ನೇ ಸಾಲಿಗೆ ನಿಂತುಬಿಟ್ಟಿತ್ತು. ಅದಕ್ಕಿಂತ ಹೆಚ್ಚು ಆ ಶೀಟು ಹಿಡಿಯುವುದಿಲ್ಲ. ಹಿಂದಿನ ಮೂರು ವಾರದ ಫೈಲು ತೆಗೆದು ನೋಡಿದೆ. ಅವೂ ಅಲ್ಲೇ ತುಂಡಾಗಿವೆ. ಮೂರು ವಾರ ತಪ್ಪು ಲೆಕ್ಕ ಕಳಿಸಿದ್ದೇನೆ, ಒಬ್ಬರೂ ಕೇಳಿಲ್ಲ. ಅಂದರೆ ಒಬ್ಬರೂ ಓದುತ್ತಿಲ್ಲ. ಪವರ್ ಕ್ವೆರಿಯಲ್ಲಿ ಸರಿಮಾಡಿ ಕಳಿಸಿದೆ. ಯಾರಿಗೂ ಹೇಳಲಿಲ್ಲ.

ರಾತ್ರಿ 10.40

ಒಂದು ಕೆಲಸಕ್ಕೆ ಅರ್ಜಿ ತುಂಬಲು ಕೂತೆ. ಹೆಸರು, ಬಿ.ಕಾಂ., ಆರು ವರ್ಷದ ಅನುಭವ, ಎಲ್ಲ ಸಲೀಸು. ಕೊನೆಗೆ ಮೂರು ಖಾನೆ: ಕರೆಂಟ್ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್. ಮೊದಲನೆಯದು, ಅಂದರೆ ಕಂಪನಿ ಈಗ ವರ್ಷಕ್ಕೆ ನನ್ನ ಮೇಲೆ ಮಾಡುವ ಒಟ್ಟು ಖರ್ಚು, 4.8 ಲಕ್ಷ. ಮೂರನೆಯದು 90 ದಿನ. ನಡುವಿನದರ ಪಕ್ಕ ಕೆಂಪು ಚುಕ್ಕಿ, ಖಾಲಿ ಬಿಡುವ ಹಾಗಿಲ್ಲ. ಸೊನ್ನೆ ಹಾಕಿ ನೋಡಿದೆ. ತೆಗೆದುಕೊಳ್ಳಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆಗಸ್ಟ್ 12

ಊಟದ ಹೊತ್ತಿನಲ್ಲಿ ಟೇಬಲ್ಲಿನವರೆಲ್ಲ ಇನ್‌ಕಂ ಟ್ಯಾಕ್ಸ್ ಬಗ್ಗೆ. ಹೊಸ ಪದ್ಧತಿಯಲ್ಲಿ ಈ ವರ್ಷದಿಂದ 12 ಲಕ್ಷದವರೆಗೆ ತೆರಿಗೆ ಇಲ್ಲ, ಸಂಬಳದವರಿಗೆ 12.75ರ ತನಕ. ಯಾರು ಆ ಗೆರೆಯ ಹತ್ತಿರ ಇದ್ದಾರೆ, ಯಾರು ದಾಟಿದ್ದಾರೆ ಅಂತ ಮುಖ ನೋಡಿ ಅಂದಾಜು ಮಾಡುತ್ತಿದ್ದೆ. ನಾನೂ ತಲೆಯಾಡಿಸಿದೆ, ನನಗೂ ಸಂಬಂಧಪಟ್ಟ ಹಾಗೆ.

ರಾತ್ರಿ ನನ್ನದನ್ನು ಬಿಡಿಸಿ ಬರೆದೆ. ಬೇರೆಯವರ ಲೆಕ್ಕ ದಿನಾ ಬಿಡಿಸುತ್ತೇನೆ, ನನ್ನದನ್ನು ಬಿಡಿಸಿರಲಿಲ್ಲ. ಸಿಟಿಸಿ 4,80,000. ಅದರಲ್ಲಿ ವೇರಿಯಬಲ್ 48,000. ಕೊಟ್ಟರೆ ಕೊಟ್ಟರು. ಕಂಪನಿ ಕಟ್ಟುವ ಪಿಎಫ್ 23,040. ಗ್ರ್ಯಾಚುಯಿಟಿ, ಬೇಸಿಕ್‌ನ 4.81 ಪರ್ಸೆಂಟ್, 9,235. ಐದು ವರ್ಷ ಇದ್ದರೆ ಉಂಟು, ಅದಕ್ಕೆ ಮುಂಚೆ ಬಿಟ್ಟರೆ ಇಲ್ಲ. ಇನ್ಶೂರೆನ್ಸ್ 6,000. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ನನ್ನ ಪಾಲಿನ ಪಿಎಫ್ 1,920, ವೃತ್ತಿ ತೆರಿಗೆ 200 ಕಳೆದರೆ 30,690.

ಊರಲ್ಲಿ ಅಮ್ಮ ಎಲ್ಲರಿಗೂ ತಿಂಗಳಿಗೆ ನಲವತ್ತು ಅಂತ ಹೇಳಿದ್ದಾಳೆ. 4.8 ಅನ್ನು ಹನ್ನೆರಡರಿಂದ ಭಾಗಿಸಿ ಹೇಳಿರಬೇಕು. ತಪ್ಪೇನಿಲ್ಲ.

ಆಗಸ್ಟ್ 14

ರೂಮ್‌ಮೇಟ್ ರಿಕ್ರೂಟ್‌ಮೆಂಟಿನಲ್ಲಿದ್ದಾಳೆ. ಮೂರು ವರ್ಷ ಒಂದೇ ಕೋಣೆಯಲ್ಲಿದ್ದೇವೆ, ಒಬ್ಬರ ಸಂಬಳ ಇನ್ನೊಬ್ಬರಿಗೆ ಗೊತ್ತಿಲ್ಲ. ಇವತ್ತು ನಾನೇ ಹೇಳಿಬಿಟ್ಟೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಆರು ವರ್ಷಕ್ಕೆ? ಎಸ್‌ಕ್ಯೂಎಲ್ ಬರುತ್ತಲ್ವೇನೇ ನಿಂಗೆ? ಪವರ್ ಬಿಐ?"

ಬರುತ್ತೆ ಅಂದೆ.

"ಮತ್ತೆ ರೆಸ್ಯೂಮೆಯಲ್ಲಿ ಎಂಐಎಸ್ ಅಂತ ಯಾಕ್ ಹಾಕ್ಕೊಂಡಿದೀಯ?"

ನನ್ನ ಹುದ್ದೆಯ ಹೆಸರೇ ಅದು. ಎಂಐಎಸ್ ಎಕ್ಸಿಕ್ಯೂಟಿವ್ ಅಂತ ಹುಡುಕಿದರೆ ಒಂದು ರೇಟು, ರಿಪೋರ್ಟಿಂಗ್ ಅನಲಿಸ್ಟ್ ಅಂದರೆ ಇನ್ನೊಂದು, ಡೇಟಾ ಅನಲಿಸ್ಟ್ ಅಂದರೆ ಮತ್ತೊಂದು ಅಂತೆ. ಕೆಲಸ ಅದೇ ಇರಬಹುದು. ಒಂದು ಜಾಗಕ್ಕೆ ಇಷ್ಟು ಅಂತ ಬಜೆಟ್ ಮೊದಲೇ ಪಾಸಾಗಿರುತ್ತಂತೆ. ಒಂಬತ್ತು ಇಟ್ಟಿದ್ದ ಜಾಗಕ್ಕೆ ಯಾರೋ ಆರು ಕೇಳಿದರೆ ಏನು ಮಾಡ್ತೀರಿ ಅಂದೆ.

"ಆರೂವರೆ ಕೊಡ್ತೀವಿ. ಖುಷಿಯಾಗಿ ಬರ್ತಾರೆ."

ನಕ್ಕಳು. ನಾನೂ ನಕ್ಕೆ. ಆಮೇಲೆ ಲೈಟು ಆರಿಸಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ತನ್ನ ಸಂಬಳ ಎಷ್ಟು ಅಂತ ಅವಳು ಹೇಳಲಿಲ್ಲ ನೋಡು.

ಆಗಸ್ಟ್ 20

ಅರ್ಜಿಯ ಆ ಖಾನೆಗೆ ಕೊನೆಗೂ 9 ಅಂತ ಹಾಕಿದ್ದೆ. ಇವತ್ತು ಫೋನ್ ಬಂತು. ಮೆಟ್ಟಿಲ ಬಳಿ ನಿಂತು ಮಾತಾಡಿದೆ. ಹುಡುಗ, ವಯಸ್ಸು ನನಗಿಂತ ಕಡಿಮೆ ಇರಬೇಕು. ಕರೆಂಟ್ ಎಷ್ಟು ಮೇಡಂ? ಹೇಳಿದೆ. ಒಂದು ಕ್ಷಣ ಸುಮ್ಮನಾದ. "ಒಂಬತ್ತು ಅಂತ ಬರ್ದಿದೀರಲ್ಲ?" ಅಂದ. ಧ್ವನಿಯಲ್ಲಿ ಜೋರೇನೂ ಇರಲಿಲ್ಲ. ತಪ್ಪಾಗಿ ಟೈಪ್ ಆಗಿರಬೇಕು ಅನ್ನೋ ಹಾಗೆ, ಮರ್ಯಾದೆಯಿಂದಲೇ ಕೇಳಿದ.

"ಏಳು, ಏಳೂವರೆ ಆದರೂ ಪರವಾಗಿಲ್ಲ" ಅಂದೆ. ಯಾರೂ ಇಳಿಸು ಅಂದಿರಲಿಲ್ಲ. ನಾನೇ ಇಳಿಸಿದೆ. ಬಾಯಿ ಮುಚ್ಚುವುದರೊಳಗೆ ಎರಡು ಲಕ್ಷ ಹೋಯಿತು.

ಆಗಸ್ಟ್ 27, ಗಣೇಶನ ಹಬ್ಬ. ತಿಪಟೂರು

ಗೌರಿಗೆ ಬಂದವಳು ಇಲ್ಲೇ ಇದ್ದೇನೆ. ಅಮ್ಮನ ಕಡುಬು. ಎರಡು ದಿನ ಯಾವ ರಿಪೋರ್ಟೂ ಇಲ್ಲ.

ಮಧ್ಯಾಹ್ನ ಅಪ್ಪನ ಜೊತೆ ಅಟ್ಟ ಹತ್ತಿದೆ. ಕಾಯಿ ಹಾಕಿ ಹತ್ತಿರ ಹತ್ತಿರ ವರ್ಷ ಆಯಿತಂತೆ. ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಲೊಟಲೊಟ ಅಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ ಅರ್ಥ. ಕೆಲವನ್ನು ಮತ್ತೆ ಅಲ್ಲೇ ಇಟ್ಟರು, ಇನ್ನೂ ಆಗಿಲ್ಲ ಅಂತ.

ಈ ವರ್ಷದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100. ಮಾರ್ಕೆಟ್ಟು ಈ ಸಲ ಅದರ ಎರಡು ಪಟ್ಟು ಕಂಡಿದೆ. ಅಪ್ಪನ ಮುಖದಲ್ಲಿ ಒಂದು ಥರ ಗತ್ತು. ಯಾರೋ ಮನೆ ಬಾಗಿಲಿಗೆ ಬಂದು ಕೇಳಿದರಂತೆ, ಕೊಡಲಿಲ್ಲವಂತೆ.

ನನ್ನ ವಿಷಯ ಹೇಳಿದೆ. ಈಗ ಎಷ್ಟು ಬರುತ್ತೆ ಅಂತ ಕೇಳಿ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡ್ತಾರಪ್ಪ ಅಂದೆ. ಅಪ್ಪನಿಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಿಸಿಕೊಂಡರು.

"ಹೋದ್ ವರ್ಷ ಎಷ್ಟಕ್ಕೆ ಕೊಟ್ಟಿದ್ದೆ ಅಂತ ನಮ್ ಮಾರ್ಕೆಟ್ನಾಗೆ ಯಾವನೂ ಕೇಳಲ್ಲ ಕಣವ್ವ. ಚೀಲ ಬಿಚ್ಚಿ ಮಾಲು ನೋಡ್ತಾರೆ, ಟೆಂಡರ್ ಹಾಕ್ತಾರೆ. ಹಿಡಿಸಿದ್ರೆ ಕೊಡೋದು, ಇಲ್ದಿದ್ರೆ ಇಲ್ಲ."

ಹೌದು. ಆದರೆ ಎರಡು ವರ್ಷದ ಹಿಂದೆ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ಸೊಸೈಟಿ ಸಾಲದ ಕಂತಿಗೆ ಅಂತ ಇದೇ ಅಪ್ಪ ಅರ್ಧ ಅಟ್ಟ ಖಾಲಿ ಮಾಡಿದ್ದರು. ಅದನ್ನು ಅವರು ಇವತ್ತು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೆಪ್ಟೆಂಬರ್ 3

ಟೆಕ್ನಿಕಲ್ ರೌಂಡ್. ಕ್ಯಾಮೆರಾ ಮುಂದೆ ಒಂದು ಗಂಟೆ. ಹಿಂದೆ ರೂಮ್‌ಮೇಟ್‌ನ ಒದ್ದೆ ಟವೆಲು ಕಾಣುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಕೇಳಿದ ಮೊದಲ ಪ್ರಶ್ನೆ: ಎಂಪ್ಲಾಯೀ ಟೇಬಲ್‌ನಿಂದ ಎರಡನೇ ಅತಿ ಹೆಚ್ಚು ಸಂಬಳ ತೆಗೆಯಿರಿ. ಈ ಲೋಕದಲ್ಲಿ ಇದನ್ನು ಕೇಳದ ಇಂಟರ್‌ವ್ಯೂ ಇಲ್ಲ. ಡೆನ್ಸ್ ರ‍್ಯಾಂಕ್ ಹಾಕಿ ಬರೆದೆ. ರೋ ನಂಬರ್ ಯಾಕೆ ಹಾಕಲಿಲ್ಲ ಅಂದರು. ಒಂದೇ ಸಂಬಳದವರು ಇಬ್ಬರಿದ್ದರೆ ರೋ ನಂಬರ್ ಅವರಿಗೂ ಮೇಲೆ ಕೆಳಗೆ ಅಂತ ನಂಬರ್ ಕೊಟ್ಟುಬಿಡುತ್ತೆ, ಮೇಲಿನ ಸಂಬಳ ಇಬ್ಬರದಾಗಿದ್ದರೆ ಉತ್ತರವೇ ತಪ್ಪು ಅಂದೆ. ತಲೆಯಾಡಿಸಿದರು.

ನಾನು ಇದನ್ನು ಕಲಿತದ್ದು ಒರೇಕಲ್‌ನ ಹಳೇ ಅಭ್ಯಾಸದ ಟೇಬಲ್ಲಿನಲ್ಲಿ. ಹದಿನಾಲ್ಕೇ ಜನ. ಅಧ್ಯಕ್ಷ ಕಿಂಗ್‌ಗೆ 5000. ಗುಮಾಸ್ತ ಸ್ಮಿತ್‌ಗೆ 800. ಎರಡನೇ ಅತಿ ಹೆಚ್ಚು 3000, ಇಬ್ಬರಿಗೆ: ಸ್ಕಾಟ್, ಫೋರ್ಡ್. ಇಬ್ಬರೂ ಅನಲಿಸ್ಟ್‌ಗಳು! ಮ್ಯಾನೇಜರ್ ಜೋನ್ಸ್‌ಗೆ 2975. ಅನಲಿಸ್ಟ್‌ಗಿಂತ 25 ಕಡಿಮೆ. ಎಷ್ಟು ಸಲ ಆ ಟೇಬಲ್ ಓಡಿಸಿದ್ದೇನೆ, ಇದು ಕಣ್ಣಿಗೆ ಬಿದ್ದಿರಲೇ ಇಲ್ಲ. ಯಾರ ಸಂಬಳ ಎಷ್ಟು ಅಂತ ಹದಿನಾಲ್ಕೂ ಜನರದು ಬಟಾಬಯಲು.

ಚೆನ್ನಾಗಿಯೇ ಆಯಿತು ಅನ್ನಿಸುತ್ತೆ.

ಸೆಪ್ಟೆಂಬರ್ 9

ಎಚ್‌ಆರ್ ರೌಂಡ್. ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕಳಿಸಿ ಅಂದರು. "ಟೆಕ್ನಿಕಲ್ ಫೀಡ್‌ಬ್ಯಾಕ್ ತುಂಬಾ ಚೆನ್ನಾಗಿದೆ. ಆದರೆ ಏಳೂವರೆ ಅಂದರೆ ಹೈಕ್ ಐವತ್ತು ಪರ್ಸೆಂಟ್ ದಾಟುತ್ತೆ, ಅದನ್ನು ಹೇಗೆ ಜಸ್ಟಿಫೈ ಮಾಡ್ತೀರಾ?"

ಏನೋ ಹೇಳಿದೆ. ಆಟೊಮೇಶನ್, ಗಂಟೆ ಉಳಿಸಿದ್ದು. ಕೇಳಬೇಕಾದ ಪ್ರಶ್ನೆ ಆಮೇಲೆ ಹೊಳೆಯಿತು: ಈ ಜಾಗಕ್ಕೆ ನೀವು ಎಷ್ಟು ಇಟ್ಟಿದ್ದೀರಿ?

ಕ್ಯಾಲಿಫೋರ್ನಿಯದಲ್ಲಿರುವ ಕಾಲೇಜು ಗೆಳತಿಗೆ ಮೆಸೇಜ್ ಮಾಡಿ ಗೋಳು ಹೇಳಿಕೊಂಡೆ. ಅವಳಿಗೆ ಆಗ ಬೆಳಗ್ಗೆ. ಅಲ್ಲಿ 2018ರಿಂದ ಹಳೇ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ ಅಂತೆ. 2023ರಿಂದ, ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು ಜಾಹೀರಾತಿನಲ್ಲೇ ಇಷ್ಟರಿಂದ ಇಷ್ಟು ಅಂತ ಹಾಕಬೇಕಂತೆ. ಹಾಗಾದರೆ ಅಲ್ಲಿ ನಿನಗೆ ಸುಲಭ ಅಂದೆ. "ಇಲ್ಲೂ ನಾನು ಕಡಿಮೇನೇ ಕೇಳ್ದೆ ಕಣೇ" ಅಂತ ಬಂತು ಉತ್ತರ. ಕೆಳಗೊಂದು ನಗುವ ಮುಖ.

ಸೆಪ್ಟೆಂಬರ್ 10

ಮಳೆ. ಮೆಟ್ರೊದಲ್ಲಿ ಕಾಲಿಡಲು ಜಾಗ ಇಲ್ಲ. ಫೋನ್ ಬರಲಿಲ್ಲ.

ಸೆಪ್ಟೆಂಬರ್ 11

ಬರಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಆಫರ್ ಲೆಟರ್ ಬಂತು. 6.5. ಅಂದರೆ ಈಗಿನದರ ಮೇಲೆ 35 ಪರ್ಸೆಂಟ್. ವೇರಿಯಬಲ್ 65,000 ಕಳೆದು ಎಲ್ಲ ಬಿಡಿಸಿದರೆ ಕೈಗೆ ಸುಮಾರು 41,600. ತಿಂಗಳಿಗೆ ಹನ್ನೊಂದು ಸಾವಿರದಷ್ಟು ಹೆಚ್ಚು. ಅಮ್ಮ ಹೇಳುತ್ತಿದ್ದ ನಲವತ್ತು ಇನ್ನು ಮೇಲೆ ನಿಜ.

ಹುದ್ದೆ: ಡೇಟಾ ಅನಲಿಸ್ಟ್. ಅದನ್ನು ಮೂರು ಸಲ ಓದಿದೆ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ರಾತ್ರಿ 1.15

"ಆರೂವರೆ ಕೊಡ್ತೀವಿ. ಖುಷಿಯಾಗಿ ಬರ್ತಾರೆ."

ಎದ್ದು ಎಕ್ಸೆಲ್ ತೆಗೆದೆ. 2019: ತಿಂಗಳಿಗೆ 18,000. 2020: ಕೊರೊನಾ, ಏನೂ ಇಲ್ಲ. 2021: 20,500. 2022ರಲ್ಲಿ ಈ ಕಂಪನಿಗೆ, ವರ್ಷಕ್ಕೆ 3.7, ಐವತ್ತು ಪರ್ಸೆಂಟ್ ಸಿಕ್ಕಿತು ಅಂತ ಊರಿಗೆಲ್ಲ ಸಿಹಿ. ಆಮೇಲೆ ವರ್ಷಕ್ಕೆ ಒಂಬತ್ತು ಪರ್ಸೆಂಟ್, ಮೂರು ಸಲ. ಈಗ ಇದು. ಪ್ರತಿ ಸಾಲೂ ತನ್ನ ಮೇಲಿನ ಸಾಲಿನ ಗುಣಾಕಾರ. ಎಲ್ಲೂ ನನ್ನ ಕೆಲಸ ಅನ್ನುವ ಕಾಲಂ ಇಲ್ಲ.

ಗೋಲ್ ಸೀಕ್ ಹಾಕಿದೆ. ಕೊನೆಯ ಸಾಲು 9 ಲಕ್ಷ ಆಗಬೇಕಾದರೆ ಮೊದಲ ಸಾಲು ಎಷ್ಟಿರಬೇಕಿತ್ತು? ಕ್ಷಣದಲ್ಲಿ ಹೇಳಿತು. 24,923.

2019ರ ಆ ಕೋಣೆ ನೆನಪಾಯಿತು. ಎಸಿ ತಣ್ಣಗಿತ್ತು, ಅಕ್ಕನ ಚೂಡಿದಾರ ಹಾಕಿಕೊಂಡು ಹೋಗಿದ್ದೆ. ಎಷ್ಟು ನಿರೀಕ್ಷೆ ಮಾಡ್ತೀಯಮ್ಮ ಅಂದರು. "ಕಂಪನಿ ಪ್ರಕಾರ ಎಷ್ಟಾದರೂ ಸರಿ ಸರ್." ಅದು ವಿನಯ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅವರು ಬಹುಶಃ ಇಪ್ಪತ್ತು ಇಟ್ಟಿದ್ದರೇನೋ. ಇಪ್ಪತ್ತೈದೇ ಇಟ್ಟಿದ್ದರೇನೋ. ಹದಿನೆಂಟೇ ಇದ್ದರೂ ಇರಬಹುದು. ಆ ಡೇಟಾ ನನ್ನ ಹತ್ತಿರ ಇಲ್ಲ.

ಫೈಲು ಸೇವ್ ಮಾಡಲಿಲ್ಲ.

ಸೆಪ್ಟೆಂಬರ್ 17

7.2 ಮಾಡಿಕೊಡಲು ಆಗುತ್ತದೆಯೇ ಅಂತ ಮೇಲ್ ಹಾಕಿದೆ. ಆರು ಸಾಲು ಬರೆಯಲು ಒಂದೂವರೆ ಗಂಟೆ. ರೂಮ್‌ಮೇಟ್ ಓದಿ ಎರಡು ಕಡೆ "ದಯವಿಟ್ಟು" ತೆಗೆಸಿದಳು. ಒಂದನ್ನು ನಾನು ಮತ್ತೆ ಸೇರಿಸಿದೆ.

ಸೆಪ್ಟೆಂಬರ್ 19

ಉತ್ತರ: 6.5ರಲ್ಲಿ ಬದಲಾವಣೆ ಸಾಧ್ಯವಿಲ್ಲ. ಜಾಯಿನಿಂಗ್ ಬೋನಸ್ 25,000 ಕೊಡಬಹುದು. ವರ್ಷದೊಳಗೆ ಬಿಟ್ಟರೆ ವಾಪಸ್.

ಕೇಳಿದ್ದಕ್ಕೆ 25,000. ಒಂದು ಮೇಲ್‌ಗೆ. ಇದನ್ನು ಗೆಲುವು ಅನ್ನಬೇಕೋ ಏನೋ. ಒಪ್ಪಿಕೊಂಡೆ.

ಸೆಪ್ಟೆಂಬರ್ 22, ಸೋಮವಾರ

ರಾಜೀನಾಮೆ ಕೊಟ್ಟೆ. ಮ್ಯಾನೇಜರ್ ಮೀಟಿಂಗ್ ರೂಮಿಗೆ ಕರೆದರು. ಬೇಜಾರಾದ ಹಾಗೆ ಕಂಡರು, ನಿಜವಾಗಿಯೂ ಇರಬಹುದು. "ಮೊದಲೇ ಒಂದು ಮಾತು ಹೇಳಬಾರದಿತ್ತೇನಮ್ಮ?" ಏಪ್ರಿಲ್‌ನಲ್ಲಿ ಹೇಳಿದ್ದೆ. ಬಜೆಟ್ ಇಲ್ಲ ಅಂದಿದ್ದರು. ಸಂಜೆಯೊಳಗೆ 6.2ಕ್ಕೆ ಬಜೆಟ್ ಬಂತು.

ಇರುವುದಿಲ್ಲ ಅಂದೆ. ಹೇಳುವಾಗ ಕಾಲು ನಡುಗುತ್ತಿತ್ತು, ಮೇಜಿನ ಕೆಳಗೆ. ಜನವರಿಗೆ ಇಲ್ಲಿ ನಾಲ್ಕು ವರ್ಷ. ಗ್ರ್ಯಾಚುಯಿಟಿ ಅಷ್ಟೂ ವರ್ಷ ನನ್ನ ಸಿಟಿಸಿಯಲ್ಲಿತ್ತು, ನನಗಲ್ಲ.

ಆ ತುಂಡಾದ ಮೂರು ವಾರದ ರಿಪೋರ್ಟಿನ ವಿಷಯ ಹೋಗುವ ಮುಂಚೆ ಹೇಳಬೇಕು. ಹೇಳುತ್ತೇನಾ?

ಸೆಪ್ಟೆಂಬರ್ 30

ನಾಳೆ ರಜೆ, ಇವತ್ತೇ ಆಫೀಸಿನಲ್ಲಿ ಆಯುಧಪೂಜೆ. ಲ್ಯಾಪ್‌ಟಾಪಿಗೆಲ್ಲ ಕುಂಕುಮ, ಸರ್ವರ್ ರೂಮಿನ ಬಾಗಿಲಿಗೆ ಬಾಳೆಕಂದು. ಬೂದುಗುಂಬಳ ಒಡೆದರು. ಯಾರೋ ನನ್ನ ಕೀಬೋರ್ಡಿನ ಎಂಟರ್ ಕೀ ಮೇಲೇ ಅರಿಶಿನ ಹಚ್ಚಿದ್ದಾರೆ.

ನೋಟಿಸ್ ಇನ್ನು 82 ದಿನ. ನನ್ನ ಕೆಲಸ ಕಲಿಸಿಕೊಡು ಅಂತ ಇಂಟರ್ನ್ ಹುಡುಗಿಯನ್ನು ಕೂರಿಸಿದ್ದಾರೆ. ಹಾಸನದ ಕಡೆಯವಳು, ಬಿ.ಕಾಂ. ಚುರುಕು. ನಾನು ವಾರ ತಗೊಂಡದ್ದನ್ನು ಎರಡು ದಿನದಲ್ಲಿ ಹಿಡಿದಳು. ಪವರ್ ಕ್ವೆರಿ ಅವಳಿಗೆ ಆಗಲೇ ಬರುತ್ತೆ.

ಪುರಿ, ಕಡ್ಲೆಪಪ್ಪು ತಿನ್ನುತ್ತಾ ಪಕ್ಕಕ್ಕೆ ಬಂದಳು. ಪರ್ಮನೆಂಟ್ ಮಾಡ್ತಾರಂತೆ, ಶುಕ್ರವಾರ ಎಚ್‌ಆರ್ ಕರೆದಿದ್ದಾರೆ.

"ಎಷ್ಟು ಬೇಕು ಅಂತ ಕೇಳ್ತಾರಂತಲ್ಲ ಅಕ್ಕ. ತಿಂಗಳಿಗೆ ಇಪ್ಪತ್ತೈದು ಅನ್ನಲಾ?"

"ಇಪ್ಪತ್ತೈದು ಜಾಸ್ತಿ ಆಯ್ತೇನೋ" ಅಂದೆ. "ಇಪ್ಪತ್ತೆರಡು ಅಂತ ಹೇಳ್ನೋಡು."

ಅವಳು ಕೈಯಲ್ಲಿದ್ದ ಪುರಿ ಪೊಟ್ಟಣ ನನಗೆ ಕೊಟ್ಟು, ಫೋನ್ ತೆಗೆದು ಬರೆದುಕೊಂಡಳು. ಥ್ಯಾಂಕ್ಸ್ ಅಕ್ಕ ಅಂದಳು.